ಸಂಘದ ಮಾತೆತ್ತಿದರೆ ಕೆಲಸ ಹೋಗುತ್ತದೆಯೇ?

ಪ್ರಶ್ನೆ: ಮಾಲೂರಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಸಂಘ ಕಟ್ಟೋಣವೆಂದರೆ ‘ನಾಳೆಯಿಂದ ಬರಬೇಡ’ ಅಂತಾರೆ. ಹಾಗೆ ಅನ್ನಬಹುದೇ?

ಉತ್ತರ: ಅನ್ನುವಂತಿಲ್ಲ. ಸಂಘ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು, ಬೆದರಿಸುವುದು, ದೂರದ ಘಟಕಕ್ಕೆ ವರ್ಗ ಮಾಡುವುದು ಎಲ್ಲವೂ ಕಾನೂನಿನ ಕಣ್ಣಲ್ಲಿ ‘ಅನುಚಿತ ಕಾರ್ಮಿಕ ಪದ್ಧತಿ’. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿದ್ದ ಈ ನಿಷೇಧ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಗುತ್ತಿಗೆಯವರಿಗೂ ಸಂಘ ಸೇರುವ ಹಕ್ಕಿದೆ. ನೋಂದಣಿಗೆ 7 ಜನ ಅರ್ಜಿ ಹಾಕಬಹುದು. ಆದರೆ ಆ ಕಾರ್ಖಾನೆಯ ಕಾರ್ಮಿಕರಲ್ಲಿ ಶೇ. 10 ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು.

ನಮ್ಮ ಕೋಲಾರ ಜಿಲ್ಲೆಗೆ ಕಾರ್ಮಿಕರ ಹೋರಾಟ ಹೊಸದಲ್ಲ. 1930ರಲ್ಲಿ ಕೆಜಿಎಫ್ ಗಣಿ ಕಾರ್ಮಿಕರು ಬೆರಳಚ್ಚು ಕೊಡಲು ಒಪ್ಪದೆ ಮುಷ್ಕರ ಹೂಡಿದರು. ಇನ್ನು 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟು ಕಲ್ಲು, ಬೆಂಕಿಯಾಗಿ ಸಿಡಿಯಿತು. ಅಲ್ಲಿದ್ದವರಲ್ಲಿ ಬಹುಪಾಲು ಗುತ್ತಿಗೆಯವರು. ಬಾಕಿ ಸಂಬಳವನ್ನು ಕೂತು ಕೇಳಲು ಅವರಿಗೊಂದು ಸಂಘವಿದ್ದಿದ್ದರೆ ಎಂದು ನನಗೆ ಇಂದಿಗೂ ನೋವಾಗುತ್ತದೆ.

ಹಾಜರಾತಿ, ಸಂಬಳದ ಚೀಟಿ, ಪಿಎಫ್ ಸಂಖ್ಯೆ, ಬೆದರಿಕೆಯ ಮೆಸೇಜುಗಳನ್ನು ಮೊದಲೇ ಜೋಪಾನ ಮಾಡಿ. ಬಾಯಿಮಾತಿನಲ್ಲೇ ‘ಬರಬೇಡ’ ಎಂದರೆ, ಕೆಲಸಕ್ಕೆ ಸಿದ್ಧನಿದ್ದೇನೆ ಎಂದು ಅಂದೇ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಆ ಪತ್ರದ ಪ್ರತಿ ಹಿಡಿದು ಕೋಲಾರದ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ದೂರು ಕೊಡಿ, ಸ್ವೀಕೃತಿ ಪಡೆಯದೆ ಹೊರಬರಬೇಡಿ.