ಸೋಲಾರ್ ವಾಟರ್ ಹೀಟರ್ ರಿಯಾಯಿತಿ: ಗಡಿಯ ಈಚೆ ನಮಗೆ ಏನು ಸಿಗುತ್ತದೆ?



ಮನೆಗೆ ಸೋಲಾರ್ ವಾಟರ್ ಹೀಟರ್ ಹಾಕಿಸಬೇಕೆಂದಿರುವ ಸದಸ್ಯರಿಂದ ನಮಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: "ಮೈಸೂರಿನ ನೆಂಟರಿಗೆ ಕರೆಂಟ್ ಬಿಲ್ಲಿನಲ್ಲಿ ಪ್ರತಿ ತಿಂಗಳು ಹಣ ಕಡಿತವಾಗುತ್ತದೆಯಂತೆ, ನಮಗೂ ಆಗುತ್ತದೆಯೇ?" ಹೀಟರ್ ಹಾಕಿಸುವುದು ಸಣ್ಣ ಖರ್ಚಲ್ಲ. ಯಾವ ಹಣ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಮೊದಲೇ ತಿಳಿದಿದ್ದರೆ ಅಂಗಡಿಯಲ್ಲಿ ಮೋಸ ಹೋಗುವ ಪ್ರಮೇಯ ಬಾರದು.

ಕರ್ನಾಟಕದ ರಿಯಾಯಿತಿ ಎಷ್ಟು?

ಕರ್ನಾಟಕದ ವಿದ್ಯುತ್ ದರಪಟ್ಟಿಯಲ್ಲಿ ಹಲವು ವರ್ಷಗಳಿಂದ ಈ ರಿಯಾಯಿತಿ ಇದೆ. ಗೃಹಬಳಕೆಯ ಸಂಪರ್ಕಕ್ಕೆ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಗರಿಷ್ಠ 50 ರೂಪಾಯಿ. 60 ಯೂನಿಟ್ ಬಳಸಿದರೆ 30 ರೂಪಾಯಿ, 100 ಯೂನಿಟ್ ಬಳಸಿದರೆ 50. 180 ಯೂನಿಟ್ ಬಳಸಿದರೂ ಅದೇ 50. ವರ್ಷಕ್ಕೆ ಹೆಚ್ಚೆಂದರೆ 600 ರೂಪಾಯಿ ಆಯಿತು. ಹೀಟರ್ ಅಳವಡಿಸಿದರಷ್ಟೇ ಸಾಲದು, ಅದು ಕೆಲಸ ಮಾಡುತ್ತಿರಬೇಕು. ಕೆಟ್ಟು ಮೂಲೆ ಸೇರಿದರೆ ರಿಯಾಯಿತಿಯೂ ನಿಲ್ಲುತ್ತದೆ.

ಗಡಿ ದಾಟಿದರೆ ಏಕೆ ಇಲ್ಲ?

ವಿದ್ಯುತ್ ದರ ನಿಗದಿ ಮಾಡುವುದು ಆಯಾ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಕಾಸರಗೋಡಿಗೆ ಕೇರಳದ ಆಯೋಗ, ಹೊಸೂರು–ತಾಳವಾಡಿಗೆ ತಮಿಳುನಾಡಿನದು, ಸೊಲ್ಲಾಪುರ–ಜತ್ತಕ್ಕೆ ಮಹಾರಾಷ್ಟ್ರದ್ದು, ಆದೋನಿ–ರಾಯದುರ್ಗಕ್ಕೆ ಆಂಧ್ರದ್ದು. ಹಾಗಾಗಿ ಬೆಂಗಳೂರಿನ ಆದೇಶ ಅತ್ತಿಬೆಲೆಯಲ್ಲೇ ನಿಲ್ಲುತ್ತದೆ, ಹೊಸೂರಿಗೆ ಬಾರದು. ಹೀಟರನ್ನು ಕರ್ನಾಟಕದ ಅಂಗಡಿಯಲ್ಲಿ ಕೊಂಡರೂ ಅಷ್ಟೆ. ರಿಯಾಯಿತಿ ಸಿಗುವುದು ವಿದ್ಯುತ್ ಸಂಪರ್ಕಕ್ಕೆ, ಕೊಂಡ ಊರಿಗಲ್ಲ. ಕರ್ನಾಟಕದೊಳಗೆ ಸ್ವಂತ ಮನೆ, ಆರ್.ಆರ್. ನಂಬರ್ ಇರುವ ಸದಸ್ಯರು ಆ ಮನೆಯ ಹೀಟರಿಗೆ ಖರೀದಿ ರಸೀದಿ ಹಿಡಿದು ಅಲ್ಲಿನ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಬಹುದು.

ಸಹಾಯಧನದ ಹೆಸರಿನ ಗೊಂದಲ

ವಾಟರ್ ಹೀಟರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಸಹಾಯಧನ ನಮ್ಮ ರಾಜ್ಯಗಳಲ್ಲಿ 2014ರಲ್ಲೇ ನಿಂತಿದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ 30,000, 60,000, 78,000 ರೂಪಾಯಿಗಳ ಸಹಾಯಧನ ವಿದ್ಯುತ್ ಉತ್ಪಾದಿಸುವ ಚಾವಣಿ ಫಲಕಗಳಿಗೆ ಮಾತ್ರ, ನೀರು ಕಾಯಿಸುವ ಹೀಟರಿಗಲ್ಲ. ಎರಡಕ್ಕೂ "ಸೋಲಾರ್" ಎಂದೇ ಹೆಸರಿರುವುದರಿಂದ ಗೊಂದಲವಾಗುತ್ತದೆ. "ಸಬ್ಸಿಡಿ ನಾವು ಮಾಡಿಸಿಕೊಡುತ್ತೇವೆ, ಮುಂಗಡ ಕೊಡಿ" ಎಂದು ಯಾರಾದರೂ ಹೀಟರ್ ಮಾರಲು ಬಂದರೆ ಯಾವ ಆದೇಶ, ಯಾವ ಯೋಜನೆ ಎಂದು ಬರವಣಿಗೆಯಲ್ಲಿ ಕೇಳಿ.

ನಿಜವಾಗಿ ಸಿಗುವ ಲಾಭವೂ ಇದೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ವಾಟರ್ ಹೀಟರಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಯಾವ ದರ ಹಾಕಿದ್ದಾರೆ ನೋಡಿಕೊಳ್ಳಿ. ಇನ್ನು, ಪುಣೆಯಂಥ ಮಹಾನಗರಪಾಲಿಕೆಗಳು ಇಂಥ ಹೀಟರ್ ಇರುವ ಮನೆಗಳಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತ ಬಂದಿವೆ. ಮಹಾರಾಷ್ಟ್ರದ ಸದಸ್ಯರು ತೆರಿಗೆ ಕಟ್ಟಲು ಹೋದಾಗ ತಮ್ಮ ಪಾಲಿಕೆ, ಪುರಸಭೆಯಲ್ಲೂ ಹೀಗೊಂದು ನಿಯಮ ಇದೆಯೇ ಎಂದು ಕೇಳುವುದು ಒಳ್ಳೆಯದು.

ದೊಡ್ಡ ಉಳಿತಾಯ ಸ್ಲ್ಯಾಬಿನಲ್ಲಿದೆ

100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4 ಯೂನಿಟ್ ವಿದ್ಯುತ್ ಬೇಕು. ಎರಡು ಕಿಲೋವಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಹೀಟರ್ ಉಳಿಸುವುದು ಈ ಯೂನಿಟ್‌ಗಳನ್ನು. ಇವು ಕಡಿತವಾಗುವುದು ಬಿಲ್ಲಿನ ಮೇಲ್ತುದಿಯಿಂದ, ಎಂದರೆ ಅತಿ ದುಬಾರಿ ಸ್ಲ್ಯಾಬಿನಿಂದ.

ಕೇರಳದಲ್ಲಿ ಇದರ ಪರಿಣಾಮ ಇನ್ನೂ ಹೆಚ್ಚು. ತಿಂಗಳಿಗೆ 250 ಯೂನಿಟ್ ಒಳಗಿದ್ದರೆ ಹಂತ ಹಂತವಾಗಿ ದರ ಏರುತ್ತದೆ. ಅದನ್ನು ದಾಟಿದರೆ ಮೊದಲ ಯೂನಿಟ್‌ನಿಂದಲೇ ಎಲ್ಲಕ್ಕೂ ಒಂದೇ ಹೆಚ್ಚಿನ ದರ. ಎರಡು ತಿಂಗಳ ಬಿಲ್ಲಿನಲ್ಲಿ 520 ಯೂನಿಟ್ ಬರುವ ಮನೆಯಲ್ಲಿ ಗೀಸರಿನ 120 ಯೂನಿಟ್ ಇಳಿದರೆ 400ಕ್ಕೆ ಬಂತು. ಆಗ 120 ಯೂನಿಟ್ ಉಳಿಯುವುದಲ್ಲದೆ ಮಿಕ್ಕ 400ಕ್ಕೂ ದರ ಇಳಿಯುತ್ತದೆ. ತಮಿಳುನಾಡಿನಲ್ಲೂ ಎರಡು ತಿಂಗಳಿಗೊಮ್ಮೆ ಬಿಲ್. 500 ಯೂನಿಟ್ ದಾಟಿದವರಿಗೆ ಅಲ್ಲಿ ಬೇರೆಯೇ ದರಪಟ್ಟಿ. ಮಹಾರಾಷ್ಟ್ರದಲ್ಲಿ ತಿಂಗಳಿಗೆ 100, 300, 500 ಯೂನಿಟ್‌ಗಳ ಗೆರೆಗಳಿವೆ. ನಿಮ್ಮ ಬಳಕೆ ಯಾವ ಗೆರೆಯ ಆಸುಪಾಸಿನಲ್ಲಿದೆ ಎಂಬುದೇ ಮುಖ್ಯ. ಕರ್ನಾಟಕದವರ ತಿಂಗಳ 50 ರೂಪಾಯಿ ಕೈತಪ್ಪಿತೆಂದು ಹೊಟ್ಟೆ ಉರಿದುಕೊಳ್ಳಬೇಕಾದ್ದಿಲ್ಲ.

ಆದರೆ ಅಡಿಕೆ ಸಿಪ್ಪೆ, ತೆಂಗಿನ ಮಡಲು ಉರಿಸಿ ಬಚ್ಚಲ ಹಂಡೆಯಲ್ಲೇ ನೀರು ಕಾಯಿಸುವ ಮನೆಯಲ್ಲಿ ಹೀಟರ್ ಹಾಕಿದರೆ ಹೊಗೆ ತಪ್ಪೀತು, ಕರೆಂಟ್ ಬಿಲ್ ಒಂದು ರೂಪಾಯಿಯೂ ಇಳಿಯದು. ಈ ಲೆಕ್ಕ ಸಾಮಾನ್ಯವಾಗಿ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ.

ನಮ್ಮ ಊರುಗಳಿಗೆ ತಕ್ಕಂತೆ

ಗಡಸು ಬೋರ್‌ವೆಲ್ ನೀರು ಇರುವ ಊರುಗಳಲ್ಲಿ ತಾಮ್ರದ ಕೊಳವೆಯ ಚಪ್ಪಟೆ ಫಲಕದೊಳಗೆ ಸುಣ್ಣ ಕಟ್ಟಿಕೊಳ್ಳುತ್ತದೆ. ಸೊಲ್ಲಾಪುರ, ಆದೋನಿ, ಮಡಕಶಿರಾ ಕಡೆಯ ಸದಸ್ಯರು ನೀರು ಪರೀಕ್ಷೆ ಮಾಡಿಸಿ, ಗಾಜಿನ ಕೊಳವೆಯದು ಅಥವಾ ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ನೋಡಬಹುದು. ನೀಲಗಿರಿಯ ಎತ್ತರದ ಊರುಗಳಲ್ಲಿ ಹಿಮ ಬೀಳುವ ರಾತ್ರಿ ಚಪ್ಪಟೆ ಫಲಕದ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುವ ಅಪಾಯವಿದೆ. ಅಲ್ಲಿಗೂ ಗಾಜಿನ ಕೊಳವೆಯದೇ ಅನುಕೂಲ. ಕಾಸರಗೋಡು, ವಯನಾಡಿನಲ್ಲಿ ಮಳೆಗಾಲ ಪೂರ್ತಿ ಬಿಸಿಲನ್ನೇ ನಂಬುವಂತಿಲ್ಲ, ವಿದ್ಯುತ್ ಕಾಯಿಲ್ ಬೇಕಾಗುತ್ತದೆ. ಬಿಸಿಲಿನ ದಿನಗಳಲ್ಲಿ ಅದರ ಸ್ವಿಚ್ ಆರಿಸಿರಬೇಕು. ಮರೆತರೆ ಉಳಿತಾಯವೆಲ್ಲ ಅದರ ಪಾಲು.

ಎಲ್ಲ ಊರಿಗೂ ಅನ್ವಯಿಸುವ ಮಾತುಗಳು: ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು, ನೆರಳು ಬೀಳಬಾರದು. ತಣ್ಣೀರಿನ ಟ್ಯಾಂಕ್ ಬಿಸಿನೀರಿನ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು. ನಾಲ್ಕೈದು ಮಂದಿಯ ಮನೆಗೆ 100ರಿಂದ 150 ಲೀಟರ್ ಸಾಕು.

ಕೊಳ್ಳುವ ಮುನ್ನ ಒಂದು ವರ್ಷದ ಕರೆಂಟ್ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಕೂಡಿ ಕಳೆದು ನೋಡಿ. ಬಿಲ್ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ಇದ್ದು ಸ್ಲ್ಯಾಬಿನ ಲೆಕ್ಕ ತಿಳಿಯದಿದ್ದರೆ ಸಂಘದ ಸಭೆಗೆ ಬರುವಾಗ ತನ್ನಿ. ಓದಬಲ್ಲವರು ನಮ್ಮಲ್ಲೇ ಇದ್ದಾರೆ, ಕೂತು ಲೆಕ್ಕ ಹಾಕೋಣ.