ಕೆಡುವ ಮೊದಲೇ ಬಿಚ್ಚಬೇಕೆ?

ಚೆನ್ನಾಗಿ ಓಡುತ್ತಿರುವ ಎಂಜಿನ್ನನ್ನು ಬಿಚ್ಚಿಸಿ ರಿಪೇರಿ ಮಾಡಿಸುವವರನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ‘ಓಡುತ್ತಿದೆಯಲ್ಲ, ಅದರ ಪಾಡಿಗೆ ಬಿಡಿ’ ಎನ್ನುತ್ತದೆ ಲೋಕ. ಕೆಟ್ಟು ನಿಂತ ಮೇಲೆ ಅದೇ ಲೋಕ ‘ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು’ ಎಂದು ಹಂಗಿಸುತ್ತದೆ. ಹಾಗಾದರೆ ಬಿಚ್ಚಬೇಕೋ, ಬಿಡಬೇಕೋ? ಈ ಪ್ರಶ್ನೆ ಹಳೆಯ ಪೋರ್ಶೆ ಕಾರು ಕೊಂಡ ಸಾವಿರಾರು ಜನರ ನಿದ್ದೆ ಕೆಡಿಸಿದೆ. ಅದಕ್ಕೆ ಉತ್ತರ ಹುಡುಕಲು ಬೇಕಾಗುವುದು ಕಾಲೇಜಿನ ಗಣಿತದಲ್ಲಿ ಕಲಿಸುವ ಸಂಭವನೀಯತೆಯ ಪಾಠ, ಜೊತೆಗೆ ಒಂದಿಷ್ಟು ವಿವೇಕ.

ಪೋರ್ಶೆ ಜರ್ಮನಿಯ ಹೆಸರಾಂತ ಕಂಪೆನಿ. ಅದರ ‘911’ ಕಾರು 1963ರಲ್ಲಿ ಜನರ ಮುಂದೆ ಬಂದಾಗಿನಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಗಾಳಿಯಿಂದ ತಂಪಾಗುವ ಎಂಜಿನ್ನನ್ನೇ ಹೊತ್ತು ಓಡಿತು. 1990ರ ದಶಕದ ಕೊನೆಗೆ ಕಂಪೆನಿ ನೀರಿನಿಂದ ತಂಪಾಗುವ ಹೊಸ ಎಂಜಿನ್ ತಂದಿತು. 1996ರಲ್ಲಿ ಬಂದ, ಎರಡೇ ಸೀಟಿನ, ಮೇಲ್ಛಾವಣಿ ಮಡಚುವ ‘ಬಾಕ್ಸ್‌ಸ್ಟರ್’ ಕಾರಿಗೂ, ಮರುವರ್ಷ ಬಂದ ಹೊಸ 911ಕ್ಕೂ ಒಂದೇ ಬಗೆಯ ಎಂಜಿನ್. ಒಂದು ಕಾಲಕ್ಕೆ ಶ್ರೀಮಂತರ ಸೊತ್ತಾಗಿದ್ದ ಈ ಬಾಕ್ಸ್‌ಸ್ಟರ್ ಈಗ ಅಮೆರಿಕದಲ್ಲಿ ಸಾಧಾರಣ ಸೆಕೆಂಡ್‌ಹ್ಯಾಂಡ್ ಕಾರಿನ ಬೆಲೆಗೆ ಸಿಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೂ ಉಳಿತಾಯದ ಹಣದಲ್ಲಿ ಅದನ್ನು ಕೊಳ್ಳಬಹುದು. ತೊಡಕು ಶುರುವಾಗುವುದು ಕೊಂಡ ಮೇಲೆ.

<b>ಒಂದು ಚಿಕ್ಕ ಬೇರಿಂಗಿನ ಕಥೆ</b>

ಈ ಎಂಜಿನ್ನಿನೊಳಗೆ ‘ಇಂಟರ್‌ಮೀಡಿಯೇಟ್ ಶಾಫ್ಟ್’ ಎಂಬ ಉಕ್ಕಿನ ದಂಡವಿದೆ. ಕ್ರ್ಯಾಂಕ್‌ಶಾಫ್ಟ್ ತಿರುಗಿದಾಗ ಒಂದು ಚೈನು ಈ ದಂಡವನ್ನು ತಿರುಗಿಸುತ್ತದೆ. ದಂಡದಿಂದ ಹೊರಟ ಬೇರೆ ಚೈನುಗಳು ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುತ್ತವೆ. ದಂಡದ ಒಂದು ತುದಿ ಕುಳಿತಿರುವುದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಬಾಲ್ ಬೇರಿಂಗಿನಲ್ಲಿ. ಒಳಗೆ ಗ್ರೀಸು ತುಂಬಿ ಎರಡೂ ಬದಿಗೆ ಸೀಲು ಹಾಕಿದ ಬೇರಿಂಗ್ ಅದು.

ವರ್ಷಗಳು ಕಳೆದಂತೆ ಸೀಲು ಸೋಲುತ್ತದೆ. ಎಂಜಿನ್ ಆಯಿಲ್ ಒಳಗೆ ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ. ಒಳಹೊಕ್ಕ ಆಯಿಲ್ಲಿಗೆ ಹರಿದಾಡಲು ಜಾಗವಿಲ್ಲ, ಅಲ್ಲೇ ಕೊಳಕಾಗುತ್ತದೆ. ಗುಂಡುಗಳು ಸವೆದು ಬೇರಿಂಗ್ ಒಡೆದರೆ ದಂಡ ಅಲುಗಾಡುತ್ತದೆ, ಚೈನು ಹಲ್ಲು ತಪ್ಪುತ್ತದೆ, ಮೇಲೆದ್ದ ಪಿಸ್ಟನ್ ತೆರೆದಿದ್ದ ವಾಲ್ವಿಗೆ ಬಡಿಯುತ್ತದೆ. ಕ್ಷಣಮಾತ್ರದಲ್ಲಿ ಎಂಜಿನ್ ಹಾಳು. ಎಷ್ಟೋ ಸಲ ಮುನ್ಸೂಚನೆಯೂ ಇರುವುದಿಲ್ಲ.

ಎಲ್ಲ ಕಾರುಗಳಿಗೂ ಅಪಾಯ ಒಂದೇ ಸಮನಲ್ಲ. ಮೊದಲ ವರ್ಷಗಳ ಕಾರುಗಳಲ್ಲಿ ಗುಂಡುಗಳ ಜೋಡಿಸಾಲಿನ ಬೇರಿಂಗ್ ಇತ್ತು. ಸುಮಾರು 2000ದಿಂದ 2005ರವರೆಗಿನವಕ್ಕೆ ಒಂಟಿಸಾಲಿನ ಬೇರಿಂಗ್ ಬಂತು. ಆಮೇಲೆ 2008ರವರೆಗೆ ಇನ್ನೂ ದೊಡ್ಡದಾದ ಬೇರಿಂಗ್ ಹಾಕಿದರು. ಅದು ಗಟ್ಟಿಮುಟ್ಟು, ಆದರೆ ಎಂಜಿನ್ನನ್ನೇ ಎರಡು ಹೋಳಾಗಿ ಬಿಚ್ಚದೆ ಹೊರಗೆ ಬರುವುದಿಲ್ಲ. 2009ರ ಮಾದರಿಯ ಹೊಸ ಎಂಜಿನ್ನಿನಲ್ಲಿ ಆ ದಂಡವನ್ನೇ ತೆಗೆದುಹಾಕಲಾಯಿತು.

ಹೆಚ್ಚು ತೊಂದರೆ ಕೊಟ್ಟದ್ದು ಒಂಟಿಸಾಲಿನ ಬೇರಿಂಗ್. ಅಮೆರಿಕದ ಮಾಲೀಕರು ಕಂಪೆನಿಯ ಮೇಲೆ ಹೂಡಿದ ಸಾಮೂಹಿಕ ದಾವೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಆ ರಾಜಿ 2001ರ ಮೇ ತಿಂಗಳಿಂದ 2005ರ ಫೆಬ್ರುವರಿವರೆಗೆ ತಯಾರಾದ ಕಾರುಗಳಿಗೆ ಅನ್ವಯಿಸಿತು. ಆ ದಾವೆಯೊಂದಿಗೆ ಸಾಮಾನ್ಯವಾಗಿ ಹೇಳಲಾಗುವ ಅಂಕಿಗಳೆಂದರೆ, ಒಂಟಿಸಾಲಿನ ಬೇರಿಂಗ್ 100 ಕಾರುಗಳಲ್ಲಿ ಸುಮಾರು 8ರಲ್ಲಿ ಕೆಡುತ್ತದೆ. ಜೋಡಿಸಾಲಿನದು 100ಕ್ಕೆ 1ಕ್ಕಿಂತ ಕಡಿಮೆ.

<b>ಲೆಕ್ಕ ಹಾಕಿ ನೋಡೋಣ</b>

ನೂರಕ್ಕೆ ಎಂಟು ಎಂದರೆ ಹೆಚ್ಚೋ ಕಡಿಮೆಯೋ? ಇಲ್ಲಿ ಮನಸ್ಸು ಮೋಸ ಹೋಗುತ್ತದೆ. ಹೆದರುವವನಿಗೆ ಕೆಟ್ಟ ಎಂಟೇ ಕಾಣುತ್ತವೆ, ಧೈರ್ಯವಂತನಿಗೆ ಉಳಿದ ತೊಂಬತ್ತೆರಡು.

ಒಂದು ಉದಾಹರಣೆ ತೆಗೆದುಕೊಳ್ಳಿ. ಕಾರಿನ ಬೆಲೆ 12,000 ಡಾಲರ್ ಎಂದಿರಲಿ. ಬೇರಿಂಗ್ ಬದಲಿಸಲು ಒಟ್ಟು ಖರ್ಚು 2,500 ಡಾಲರ್. ಬೇರೊಂದು ಎಂಜಿನ್ ಕೂರಿಸಬೇಕಾದರೆ ಕಾರಿನ ಬೆಲೆಗಿಂತ ಹೆಚ್ಚು ಹಣ ಬೇಕು. ಮೂಗಿಗಿಂತ ಮೂಗುತಿ ಭಾರವಾದರೆ ಯಾರು ತಾನೇ ಹೊರುತ್ತಾರೆ? ಎಂಜಿನ್ ಹೋದರೆ ಕಾರೇ ಹೋದಂತೆ. ಹಾಗಾಗಿ ನಷ್ಟ 12,000 ಎಂದು ಹಿಡಿಯೋಣ.

ಒಂಟಿಸಾಲಿನ ಬೇರಿಂಗ್ ಇರುವ 100 ಕಾರುಗಳ ಮಾಲೀಕರು ಸುಮ್ಮನಿದ್ದರೆ 8 ಕಾರು ಹೋಗುತ್ತವೆ. ಒಟ್ಟು ನಷ್ಟ 96,000 ಡಾಲರ್. ನೂರೂ ಜನ ಬೇರಿಂಗ್ ಬದಲಿಸಿದರೆ ಖರ್ಚು 2,50,000 ಡಾಲರ್. ಎಂದರೆ, ಬರೀ ಬೇರಿಂಗಿಗಾಗಿ ಎಂಜಿನ್‌ಗೆ ಕೈ ಹಾಕುವುದು ದುಬಾರಿ ಬಾಬತ್ತು!

ಆದರೆ ಲೆಕ್ಕ ಇಲ್ಲಿಗೇ ಮುಗಿಯಲಿಲ್ಲ. ಖರ್ಚಿನ ಬಹುಪಾಲು ಹೋಗುವುದು ಬೇರಿಂಗಿಗಲ್ಲ, ಅದರ ಬಳಿಗೆ ತಲುಪುವ ಕೂಲಿಗೆ. ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಮತ್ತು ಫ್ಲೈವೀಲ್ ಬಿಚ್ಚಬೇಕು. ಆಗಲೇ ಬೇರಿಂಗ್ ಕೈಗೆಟುಕುವುದು. ಕ್ಲಚ್ ಸವೆದಾಗಲೂ ಇದೇ ಕೆಲಸ ಮಾಡಬೇಕಲ್ಲವೇ? ಕ್ಲಚ್ ಬದಲಿಸುವ ದಿನವೇ ಬೇರಿಂಗನ್ನೂ ಬದಲಿಸಿದರೆ ಹೆಚ್ಚಿಗೆ ತಗಲುವುದು 1,000 ಡಾಲರ್ ಎಂದುಕೊಳ್ಳಿ. ನೂರು ಜನರಿಗೆ 1,00,000. ಈಗ ಎರಡು ತಕ್ಕಡಿಯೂ ಹೆಚ್ಚುಕಡಿಮೆ ಸಮ. ಜೋಡಿಸಾಲಿನ ಬೇರಿಂಗ್ ಆದರೆ ನೂರು ಕಾರಿಗೆ ನಷ್ಟ 12,000 ಡಾಲರ್ ದಾಟುವುದಿಲ್ಲ. ಅಲ್ಲಿ ಕಾಯುವುದರಲ್ಲಿ ತಪ್ಪಿಲ್ಲ.

<b>ತಂದೆ ಸರಿಯೋ, ಮಗ ಸರಿಯೋ?</b>

ಸಮವಾದ ತಕ್ಕಡಿಯನ್ನು ವಾಲಿಸುವುದು ಕಾರಲ್ಲ, ಕಾರಿನ ಮಾಲೀಕ. ಸರಾಸರಿ ನಷ್ಟ ತಲೆಗೆ 960 ಡಾಲರ್ ಎಂದು ಲೆಕ್ಕ ಹೇಳಬಹುದು. ಆದರೆ 960 ಡಾಲರ್ ಕಳೆದುಕೊಳ್ಳುವವರು ಯಾರೂ ಇಲ್ಲ. ತೊಂಬತ್ತೆರಡು ಜನರಿಗೆ ಏನೂ ಆಗುವುದಿಲ್ಲ, ಎಂಟು ಜನ ಪೂರ್ತಿ 12,000 ಕಳೆದುಕೊಳ್ಳುತ್ತಾರೆ. ಮನೆಯಲ್ಲಿ ಇನ್ನೆರಡು ಕಾರು ಇರುವ ತಂದೆ ‘ಹೋದರೆ ಹೋಯಿತು’ ಎನ್ನಬಹುದು. ಇದೊಂದೇ ಕಾರನ್ನು ನಂಬಿ ದಿನವೂ ಕೆಲಸಕ್ಕೆ ಹೋಗುವ ಮಗ ಹಾಗೆನ್ನಲಾರ. ಒಂದೇ ಬೇರಿಂಗ್, ಒಂದೇ ಅಂಕಿ. ಆದರೂ ಇಬ್ಬರ ತೀರ್ಮಾನ ಬೇರೆ ಬೇರೆಯಾಗಿ ಇಬ್ಬರೂ ಸರಿಯಾಗಿರಬಹುದು. ವಿಮೆಯ ಹಿಂದಿನ ತತ್ವವೂ ಇದೇ.

ಯಾವ ತೀರ್ಮಾನಕ್ಕೂ ಮೊದಲು ಮಾಡಬೇಕಾದ ಅಗ್ಗದ ಕೆಲಸವೊಂದಿದೆ. ಆಯಿಲ್ ಬದಲಿಸುವಾಗ ಹಳೆಯ ಫಿಲ್ಟರನ್ನು ಬಿಡಿಸಿ, ಮಡಿಕೆಗಳಲ್ಲಿ ಲೋಹದ ಚೂರುಗಳಿವೆಯೇ ಎಂದು ನೋಡುವುದು. ಅಯಸ್ಕಾಂತಕ್ಕೆ ಅಂಟುವ ಉಕ್ಕಿನ ಚೂರು ಕಂಡರೆ ಬೇರಿಂಗ್ ಒಡೆಯತೊಡಗಿದೆ ಎಂದು ಸಂಶಯಪಡಬೇಕು. ಆಗ ಬರೀ ಹೊಸ ಬೇರಿಂಗ್ ಹಾಕಿ ಪ್ರಯೋಜನವಿಲ್ಲ, ಚೂರುಗಳು ಆಗಲೇ ಆಯಿಲ್ಲಿನೊಂದಿಗೆ ಎಂಜಿನ್ ತುಂಬ ಸುತ್ತಾಡಿರುತ್ತವೆ. ಮುನ್ನೆಚ್ಚರಿಕೆ ಎನ್ನುವುದು ಕೆಡುವ ಮೊದಲಿನ ಮಾತು.

ಹಾಗೆಂದು ಒಂದೇ ಭಯಕ್ಕೆ ಗಂಟೆಲ್ಲ ಸುರಿಯುವುದೂ ಜಾಣತನವಲ್ಲ. ಬೇರಿಂಗ್ ಬದಲಿಸಿ ಕೈ ಬರಿದಾಯಿತೆಂದು ಆಯಿಲ್ ಬದಲಿಸುವುದನ್ನು ಮುಂದೂಡಿದರೆ, ಸವೆದ ನೀರಿನ ಪಂಪನ್ನು ಹಾಗೇ ಬಿಟ್ಟರೆ, ಎಂಜಿನ್ ಬೇರೆ ದಾರಿಯಲ್ಲಿ ಕೈಕೊಡುತ್ತದೆ.

ಪೋರ್ಶೆ ಇಲ್ಲದ ಮನೆಗೂ ಈ ಲೆಕ್ಕ ಹೊರತಲ್ಲ. ನಿಮ್ಮ ಮನೆಯ ಹಳೆಯ ಕಾರಿನಲ್ಲಿ ರಬ್ಬರಿನ ಟೈಮಿಂಗ್ ಬೆಲ್ಟ್ ಇದ್ದರೆ, ಎಷ್ಟು ಕಿಲೋಮೀಟರಿಗೆ, ಎಷ್ಟು ವರ್ಷಕ್ಕೆ ಅದನ್ನು ಬದಲಿಸಬೇಕೆಂದು ಕೈಪಿಡಿಯಲ್ಲೇ ಬರೆದಿರುತ್ತದೆ. ಅದು ಸವೆಯುವುದು ಖಚಿತ, ಆದ್ದರಿಂದ ಅಲ್ಲಿ ಚರ್ಚೆಗೆ ಎಡೆಯಿಲ್ಲ. ಖಚಿತವಲ್ಲದ ಕಡೆ ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರು. ಕೆಡುವ ಸಂಭವ ಎಷ್ಟು? ಬೇರೆ ಕೆಲಸಕ್ಕೆ ಹೇಗೂ ಬಿಚ್ಚುವ ದಿನ ಹತ್ತಿರವಿದೆಯೇ? ಕೆಟ್ಟರೆ ಆ ನಷ್ಟ ತಡೆದುಕೊಳ್ಳುವ ಶಕ್ತಿ ನಮಗಿದೆಯೇ? ಗ್ಯಾರೇಜಿಗೆ ಹೋಗುವ ಮೊದಲು ಮನೆಮಂದಿ ಕುಳಿತು ಈ ಮೂರಕ್ಕೂ ಉತ್ತರ ಬರೆದುಕೊಂಡರೆ, ಬಿಚ್ಚಿಸಿದರೂ ಬಿಟ್ಟರೂ ಆಮೇಲೆ ಒಬ್ಬರನ್ನೊಬ್ಬರು ದೂರುವ ಪ್ರಸಂಗ ಬರುವುದಿಲ್ಲ.