ಒಂದು ಹನಿಯಲ್ಲಿ ಎಷ್ಟು ಹನಿ?

ಬನ್ನಿ, ಒಂದು ಪಂದ್ಯ ಕಟ್ಟೋಣ. ಕಣ್ಣಿಗೆ ಬಿಡುವ ಔಷಧಿಯ ಒಂದೇ ಒಂದು ಹನಿ ಇದೆ ಎಂದುಕೊಳ್ಳಿ. ಅದನ್ನು ಒಡೆದು ಮರಿಹನಿ ಮಾಡಬೇಕು. ಎಷ್ಟಾದೀತು? ನೂರು? ಸಾವಿರ? ಧೈರ್ಯ ಮಾಡಿ, ಹತ್ತು ಸಾವಿರ ಎನ್ನಿ!

ಸೋತಿರಿ. 83 ಲಕ್ಷ!

ತಲೆಗೂದಲಿನ ಅಡ್ಡಗಲದಲ್ಲಿ ಸಾಲಾಗಿ ಮೂರು ಕೂರುವಷ್ಟು ಪುಟಾಣಿ ಹನಿಗಳು. ಒಂದೊಂದರ ಗಾತ್ರ 6 ಪಿಕೋಲೀಟರ್. ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಆರು ಪಾಲು ಎತ್ತಿಕೊಂಡರೆ ಅಷ್ಟು. ಇಷ್ಟು ಸಣ್ಣದರಲ್ಲಿ ಏನು ಮಾಡಲಾದೀತು ಅಂತೀರಾ? ಒಂದು ಪೂರಾ ಪ್ರಯೋಗವನ್ನೇ ಮಾಡಬಹುದು!

ಒಂದು ಹಿಡಿ ಅವಲಕ್ಕಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಜಗಿಯಿರಿ. ಸ್ವಲ್ಪ ಹೊತ್ತಿಗೆ ಸಿಹಿ! ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡಿತು. ಆ ಕಿಣ್ವ ಎಷ್ಟು ಚುರುಕು? ಅಳೆಯುವುದು ಹೇಗೆ? ಪ್ರನಾಳದಲ್ಲಿ ಹಾಕಿ ಅಳೆದರೆ ಕೋಟ್ಯಂತರ ಅಣುಗಳ ಸರಾಸರಿ ಸಿಗುತ್ತದೆ. ಅವುಗಳಲ್ಲಿ ಶೂರ ಯಾರು, ಸೋಮಾರಿ ಯಾರು, ಗೊತ್ತೇ ಆಗುವುದಿಲ್ಲ!

ಹಾಗಾದರೆ ಒಬ್ಬೊಬ್ಬರಿಗೂ ಒಂದೊಂದು ಕೋಣೆ ಕೊಟ್ಟರೆ?

ಅಮೆರಿಕದ ಹಾರ್ವರ್ಡ್‌ನಲ್ಲಿ ಜೆರೆಮಿ ಅಗ್ರೆಸ್ಟಿ, ಡೇವಿಡ್ ವೈಟ್ಸ್ ಮತ್ತು ಸಂಗಡಿಗರು ಮಾಡಿದ್ದು ಅದನ್ನೇ. 2010ರಲ್ಲಿ ಪ್ರಕಟವಾದ ಕೆಲಸ. ಅವರ ಕೈಲಿದ್ದದ್ದು ಹಾರ್ಸ್‌ರ್ಯಾಡಿಶ್ ಎಂಬ ಘಾಟು ಗೆಡ್ಡೆಯ ಪೆರಾಕ್ಸಿಡೇಸ್ ಕಿಣ್ವ. ಅದರ ವಂಶವಾಹಿಯಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಬೇಕೆಂದೇ ಸೇರಿಸಿದರು. ಸುಮಾರು ಒಂದು ಕೋಟಿ ರೂಪಾಂತರಗಳು! ಒಂದೊಂದು ಯೀಸ್ಟ್ ಕೋಶಕ್ಕೂ ಒಂದೊಂದು ರೂಪಾಂತರ. ಕೋಶವು ಕಿಣ್ವವನ್ನು ಮೈಮೇಲೆ ಒಡವೆಯಂತೆ ಹೇರಿಕೊಳ್ಳುತ್ತದೆ. ಅದನ್ನು ಮಾಡುವ ವಿಧಾನ ಮಾತ್ರ ವಂಶವಾಹಿಯಾಗಿ ಒಳಗೇ ಭದ್ರ.

ಈಗ ಚಿಪ್ ನೋಡಿ! ರಬ್ಬರಿನಂಥ ಪಾರದರ್ಶಕ ಬಿಲ್ಲೆ. ಅದರೊಳಗೆ ಕೂದಲೆಳೆಯಂಥ ಕಾಲುವೆಗಳು. ಒಂದು ಕಡೆಯಿಂದ ಯೀಸ್ಟ್ ಬೆರೆತ ನೀರು, ಇನ್ನೊಂದು ಕಡೆಯಿಂದ ಕಿಣ್ವದ ಆಹಾರ. ಎರಡೂ ಕೂಡಿದ ತಕ್ಷಣ ಅಕ್ಕಪಕ್ಕದಿಂದ ಎಣ್ಣೆ ನುಗ್ಗಿ ನೀರಿನ ಎಳೆಯನ್ನು ಚಿವುಟುತ್ತದೆ. ಚಕ್ಕುಲಿ ಒರಳಿನಿಂದ ಇಳಿಯುವ ಹಿಟ್ಟಿನ ಎಳೆಯನ್ನು ಬೆರಳಲ್ಲಿ ಚಿವುಟಿದ ಹಾಗೆ! ಚಿವುಟಿದಷ್ಟೂ ಹನಿ. ಒಂದೂ ದಪ್ಪವಿಲ್ಲ, ಒಂದೂ ಸಣ್ಣದಿಲ್ಲ! ನಮ್ಮ ಸಾರಿನ ಮೇಲೆ ಎಣ್ಣೆ ತೇಲುತ್ತದಲ್ಲ, ಇಲ್ಲಿ ತಿರುಗುಮುರುಗು. ಎಣ್ಣೆಯಲ್ಲಿ ನೀರು! ಎಣ್ಣೆಯೇ ಗೋಡೆ.

ಒಂದು ಹನಿಗೆ ಎರಡು ಕೋಶ ಹೊಕ್ಕರೆ? ಪೇಚು! ಅದಕ್ಕೇ ಕೋಶಗಳನ್ನು ವಿರಳವಾಗಿ ಬಿಡುತ್ತಾರೆ. ಸರಾಸರಿ ಹತ್ತು ಹನಿಗೆ ಒಂದು ಕೋಶ ಬಿಟ್ಟರೆ, ನೂರರಲ್ಲಿ ತೊಂಬತ್ತು ಹನಿ ಬರೀ ಖಾಲಿ ಓಡುತ್ತವೆ. ನಮ್ಮ ಕೊನೆಯ ಟ್ರಿಪ್ಪಿನ ಬಸ್ಸಿನ ಹಾಗೆ. ಓಡಲಿ ಬಿಡಿ! ಹನಿಗೇನು ಬರವೇ?

ಆಹಾರ ಎಂದೆನಲ್ಲ, ಅದರಲ್ಲೇ ಇದೆ ಮಜಾ. ಮೊದಲು ಮಂಕಾಗಿರುತ್ತದೆ. ಕಿಣ್ವ ಮುಟ್ಟಿತೋ, ಹೊಳೆಯುವ ಬಣ್ಣವಾಗುತ್ತದೆ! ಕಿಣ್ವ ಚುರುಕಾದಷ್ಟೂ ಹನಿ ಪ್ರಕಾಶಮಾನ. ಗೋಡೆಯಿಲ್ಲದಿದ್ದರೆ ಆ ಹೊಳಪು ನೀರಿನಲ್ಲೆಲ್ಲ ಹರಡಿ, ಯಾರ ದುಡಿಮೆ ಯಾರದೋ ಲೆಕ್ಕಕ್ಕೆ ಸೇರುತ್ತಿತ್ತು. ಈಗ ಅವರವರ ಸಂಪಾದನೆ ಅವರವರ ಕೋಣೆಯಲ್ಲಿ.

ಹನಿಗಳು ಲೇಸರ್ ಮುಂದೆ ಸಾಲಾಗಿ ಹೋಗುತ್ತವೆ. ಮಂಕು ಹನಿಗಳು ಸುಮ್ಮನೆ ಕಸದ ಕಾಲುವೆಗೆ. ಜೋರಾಗಿ ಹೊಳೆಯಿತೇ? ಪಕ್ಕದ ವಿದ್ಯುದ್ವಾರ ಚಕ್ಕನೆ ಸೆಳೆದು ಬೇರೆ ಕಾಲುವೆಗೆ ತಿರುಗಿಸುತ್ತದೆ! ಜೊಳ್ಳು ಬೇರೆ, ಕಾಳು ಬೇರೆ. ಎಷ್ಟು ವೇಗ ಗೊತ್ತೇ? ಸೆಕೆಂಡಿಗೆ 2000 ಹನಿ! ನೀವು “ಹೌದಾ?” ಅನ್ನುವಷ್ಟರಲ್ಲಿ ಸಾವಿರ ದಾಟಿತು.

ಮೂಲ ಕಿಣ್ವವೇ ಕೆಲಸದಲ್ಲಿ ಗಟ್ಟಿಗ. ಆದರೂ ಅದಕ್ಕಿಂತ ಹತ್ತು ಪಟ್ಟು ಮೀರಿದ ಚುರುಕಿನವು ಸಿಕ್ಕವು!

ಈಗ ಖರ್ಚು ಹೇಳಿ ನೋಡೋಣ. 5 ಕೋಟಿ ಪ್ರಯೋಗ. ರೋಬೋಗಳನ್ನು ಕೂರಿಸಿ, ಸಣ್ಣ ಗುಳಿಗಳ ತಟ್ಟೆಯಲ್ಲಿ ಮಾಡಿದರೆ ಸುಮಾರು 2 ವರ್ಷ. ಬೇಕಾಗುವ ದ್ರಾವಣ 5000 ಲೀಟರ್. ಬೇಸಿಗೆಯಲ್ಲಿ ಮನೆ ಮುಂದೆ ನಿಲ್ಲುತ್ತದಲ್ಲ ನೀರಿನ ಟ್ಯಾಂಕರ್, ಅಷ್ಟು! ವೆಚ್ಚ ಒಂದೂವರೆ ಕೋಟಿ ಡಾಲರಿಗೂ ಮೇಲೆ.

ಹನಿಗಳಲ್ಲಾದರೆ? ಸುಮಾರು 7 ಗಂಟೆ. ಟ್ಯಾಂಕರ್ ಬದಲು, ಕಣ್ಣೌಷಧಿಯ ಆರು ಹನಿಯಷ್ಟು ದ್ರಾವಣ. ಖರ್ಚು? ಲಕ್ಷ ಡಾಲರ್? ಸಾವಿರ?

ಅವರೇ ಹಾಕಿದ ಲೆಕ್ಕ: ಎರಡೂವರೆ ಡಾಲರ್! ನಾನು ಸೊನ್ನೆಗಳನ್ನು ಮೂರು ಸಲ ಎಣಿಸಿದೆ.

ಆದರೆ ನನ್ನ ಎದೆ ಜಿಗಿದದ್ದು ಇನ್ನೊಂದು ವಿಷಯಕ್ಕೆ. ಈ ಹನಿಯ ಉಪಾಯ ಹೊಸದೇ ಅಲ್ಲ! 1961ರಲ್ಲೇ, ಚಿಪ್ ಇಲ್ಲ, ಲೇಸರ್ ವಿಂಗಡಣೆ ಇಲ್ಲ, ಬೋರಿಸ್ ರೋಟ್ಮನ್ ಎಂಬ ವಿಜ್ಞಾನಿ ಕಿಣ್ವದ ನೀರನ್ನು ಸಿಲಿಕೋನ್ ಎಣ್ಣೆಗೆ ತುಂತುರಾಗಿ ಸಿಂಪಡಿಸಿದರು. ಕಾದರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರು. ಕೆಲವು ಹನಿ ಹೊಳೆದವು. ಒಂದು ಹನಿಯಲ್ಲಿ ಎಷ್ಟು ಕಿಣ್ವ? ಒಂದೇ ಒಂದು ಅಣು! ಒಂಟಿ ಅಣುವಿನ ದುಡಿಮೆಯನ್ನು ಮನುಷ್ಯ ಅಳೆದಿದ್ದ!

ಕಡೆಯ ಒಗಟು. ಕಿಣ್ವವನ್ನು ಕಾಯಿಸಿದರೆ ಅದರ ಒಟ್ಟು ಚಟುವಟಿಕೆ ಕುಸಿಯುತ್ತದೆ. ಹಾಗಾದರೆ ಒಳಗೆ ಏನಾಯಿತು? ಎಲ್ಲ ಅಣುಗಳೂ ಸ್ವಲ್ಪ ಸ್ವಲ್ಪ ಸುಸ್ತಾದವೇ? ಅಥವಾ ಕೆಲವು ಪೂರ್ತಿ ಸತ್ತವೇ? ಪ್ರನಾಳವನ್ನು ಕೇಳಿದರೆ ಬಾಯಿ ಬಿಡುವುದಿಲ್ಲ.

ರೋಟ್ಮನ್ ಹನಿಗಳನ್ನು ಕೇಳಿದರು. ಹೊಳೆಯುವ ಹನಿಗಳ ಸಂಖ್ಯೆ ಇಳಿದಿತ್ತು. ಆದರೆ ಹೊಳೆದ ಹನಿಗಳು? ಮೊದಲಿನಷ್ಟೇ ಜೋರು! ಸತ್ತ ಅಣು ಪೂರಾ ಸತ್ತಿತ್ತು, ಉಳಿದ ಅಣು ಪೂರಾ ಬದುಕಿತ್ತು. ಅರೆಜೀವದ್ದು ಒಂದೂ ಇರಲಿಲ್ಲ!